ತಂಗಿಯ ಮಗಳು

ಮುಖ್ಯಾಧ್ಯಾಪಕಿಯ ಕೋಣೆಯ ಹೊರಗಿನ ಬಾಕಿನ ತುದಿಯಲ್ಲಿ ಸುಲಭಾ ಕೂತಿದ್ದಳು. ಪಕ್ಕದಲ್ಲಿ ಭಾಗ್ಯಶ್ರೀ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ಶಾಲೆ ಶುರುವಾಗಿ ತಿಂಗಳು ದಾಟಿತ್ತು. ದಿನವೂ ಬೆಳಿಗ್ಗೆ ಹುಡುಗಿ ಸ್ನಾನ ಮುಗಿಸಿ, ಕೇಶ್ವಾಪುರದ ಮನೆಯ ಗೇಟಿನ ಬಳಿ ನಿಂತು, ಚೀಲ ಹೊತ್ತು ಹೋಗುವ ಮಕ್ಕಳನ್ನು ನೋಡುತ್ತಿದ್ದಳು. ನಾನು ಯಾವಾಗ ಹೋಗುವುದು ಎಂದು ಒಮ್ಮೆಯೂ ಕೇಳಿರಲಿಲ್ಲ. ಕೇಳಿದ್ದರೆ ಸುಲಭಾಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ನಾಳೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬೇಕಿತ್ತು. ತಾಯಿ ಸತ್ತು, ತಂದೆ ಊರು ಬಿಟ್ಟು ಹೋದ ಮೇಲೆ ನವಲಗುಂದದ ಕಡೆಯ ಈ ಹುಡುಗಿಯನ್ನು ಸಮಿತಿಯವರು ಸಾಕುವುದಕ್ಕೆಂದು ಸುಲಭಾ ಮತ್ತು ಅವಳ ಗಂಡ ರಮಾಕಾಂತನ ಮನೆಗೆ ಒಪ್ಪಿಸಿದ್ದರು. ಕಳೆದ ಸಲ ಸಮಿತಿಯ ಹೆಂಗಸೊಬ್ಬರು ನಯವಾಗಿಯೇ ಹೇಳಿದ್ದರು: "ಮುಂದಿನ ಸಲ ಬರೂದ್ರಾಗ ಹುಡುಗಿ ಸಾಲ್ಯಾಗ ಇರಬೇಕ್ರಿ. ಇಲ್ಲಾಂದ್ರ ವಾಪಸ್ ಬಾಲಮಂದಿರಕ್ಕ ಕಳಸೂದ ಛಲೋ. ಅಲ್ಲೆ ಸಾಲಿನರ ತಪ್ಪಂಗಿಲ್ಲ."

ಹುಡುಗಿಯನ್ನು ತಮಗೆ ಒಪ್ಪಿಸಿದ ಸಮಿತಿಯ ಆದೇಶವನ್ನು ಶಾಲೆಯಲ್ಲಿ ಮೊದಲ ದಿನವೇ ತೋರಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಅಂದು ಶಾಲೆಯ ಕಚೇರಿ ತುಂಬ ಜನ. ಓಣಿಯ ಇಬ್ಬರು ಹೆಂಗಸರೂ ಅಲ್ಲಿದ್ದರು. "ಹುಡುಗಿ ನಿಮಗೇನಾಗಬೇಕ್ರಿ?" ಎಂದು ಗುಮಾಸ್ತ ಎಲ್ಲರಿಗೂ ಕೇಳುವಂತೆ ಕೇಳಿದ. ಭಾಗ್ಯಶ್ರೀ ತಲೆ ತಗ್ಗಿಸಿದ್ದನ್ನು ಸುಲಭಾ ನೋಡಿದಳು. ದಿಕ್ಕಿಲ್ಲದ ಹುಡುಗಿ ಎಂಬ ಮಾತು ಆ ಕಚೇರಿಯಿಂದ ತರಗತಿಗೂ ತರಗತಿಯಿಂದ ಓಣಿಗೂ ಹರಡುವುದು ಬೇಡವೆನಿಸಿ, "ನನ್ನ ತಂಗಿ ಮಗಳ್ರಿ" ಎಂದುಬಿಟ್ಟಳು.

ತಂಗಿಯ ಮಗಳಾದರೆ ತಂಗಿ ಬೇಕು, ತಂಗಿಯ ಗಂಡ ಬೇಕು, ಅವರ ಸಹಿ ಬೇಕು, ಹಳೆಯ ಶಾಲೆಯ ಟಿ.ಸಿ. ಬೇಕು. ಹಳೆಯ ಶಾಲೆಯವರೋ, ತಂದೆ ಬಂದರೆ ಮಾತ್ರ ಕೊಡುತ್ತೇವೆ ಎಂದರು. ಸುಲಭಾ ಸುಳ್ಳಿಗೆ ಸುಳ್ಳಿನ ತೇಪೆ ಹಚ್ಚುತ್ತ ಹೋದಳು. ತಂಗಿಗೆ ಆರಾಮಿಲ್ಲ. ಅವಳ ಗಂಡ ದುಬೈಯಲ್ಲಿದ್ದಾನೆ. "ಖರೇ ಏನದ ಹೇಳಿಬಿಡ ಮಾರಾಯ್ತಿ" ಎಂದು ರಮಾಕಾಂತ ದಿನವೂ ಹೇಳುತ್ತಿದ್ದ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ಅವಳಿಗೆ ಬಂದಿರಲಿಲ್ಲ. ಇಂದು ಮಾತ್ರ ಬೇರೆ ದಾರಿಯಿರಲಿಲ್ಲ.

ಒಳಗೆ ಕರೆದರು. ಮುಖ್ಯಾಧ್ಯಾಪಕಿ ಮಂದಾಕಿನಿಬಾಯಿ ಕನ್ನಡಕ ತೆಗೆದು ಅವಳನ್ನೇ ನೋಡಿದರು.

"ಕೂಡ್ರಿ. ನೀವು ಧಾರವಾಡದ ಅಂಬಾಬಾಯಿಯವರ ಮಗಳಲ್ಲೇನು?"

"ಹೌದ್ರಿ ಬಾಯಾರ."

"ನಿಮ್ಮ ಮನ್ಯಾಗ ಚಾಪಿ ಮ್ಯಾಲೆ ಕೂತು ಅವರ ಕಡೆ ಹಾಡು ಕಲತೇನಿ ನಾನು. ನಮಗ ಕಲಿಸೂದಕ್ಕಿಂತ ನಿಮಗ ಬೈಯೂದ ಹೆಚ್ಚಿತ್ತು. 'ಹಡದದ್ದ ಒಂದು, ಅದೂ ಬೇಸೂರು' ಅಂತಿದ್ರು." ಅವರು ನಗಲಿಲ್ಲ. "ಈ ತಂಗಿ ಯಾವಾಗ ಹುಟ್ಟಿದಳ್ರಿ?"

ಉತ್ತರಕ್ಕೆ ಕಾಯದೆ ಮಂದಾಕಿನಿಬಾಯಿ ಮುಂದುವರಿಸಿದರು.

"ನಮ್ಮ ಮಂದಿದು ಇದು ಹೊಸಾದಲ್ಲ ಬಿಡ್ರಿ. ಹಳ್ಳಿಯಿಂದ ಹುಡುಗಿ ತರೂದು, ಭಾಂಡೆ ತಿಕ್ಕಸೂದು, ಯಾರರ ಕೇಳಿದ್ರ ತಂಗಿ ಮಗಳು ಅನ್ನೂದು. ಹೆಸರು ಸಾಲ್ಯಾಗ, ಹುಡುಗಿ ಬಚ್ಚಲದಾಗ. ಎಲ್ಲೆ, ನಿನ್ನ ಕೈ ತೋರಸವಾ."

ಭಾಗ್ಯಶ್ರೀ ಎರಡೂ ಅಂಗೈ ಚಾಚಿದಳು. ಹತ್ತಿ ಬಿಡಿಸಿ, ಕಳೆ ಕಿತ್ತು ಒರಟಾದ ಕೈ. ಸುಲಭಾಳ ಮನೆಗೆ ಬರುವ ಮೊದಲಿನ ಗಾಯಗಳು ಇನ್ನೂ ಪೂರ್ತಿ ಮಾಯ್ದಿರಲಿಲ್ಲ.

"ನಿಮ್ಮವ್ವನ ಅಕ್ಕ ಅಂತಲ್ಲ, ಈ ಮಾವಶಿ ಮನ್ಯಾಗ ಏನೇನ ಕೆಲಸಾ ಮಾಡ್ತಿ?"

"ಏನಿಲ್ರಿ. ಒಂದ ಲೋಟಾ ಸೈತ ತೊಳ್ಯಾಕ ಬಿಡಂಗಿಲ್ರಿ."

ಹುಡುಗಿ ಹೇಳಿದ್ದು ನಿಜ. ಆದರೆ ಆ ಕೋಣೆಯಲ್ಲಿ ಅದು ಯಾರೋ ಬಾಯಿಪಾಠ ಮಾಡಿಸಿ ಕಳಿಸಿದ ಮಾತಿನಂತೆ ಕೇಳಿಸಿತು. ಮಂದಾಕಿನಿಬಾಯಿ ಫೋನಿನತ್ತ ಕೈ ಚಾಚಿದರು.

ಸುಲಭಾ ತಡವರಿಸುತ್ತ ಚೀಲದಿಂದ ಆದೇಶದ ಪ್ರತಿ ತೆಗೆದು ಮೇಜಿನ ಮೇಲಿಟ್ಟಳು. "ಸಮಿತಿಯವರು ಕೊಟ್ಟದ್ದರಿ. ನಾವು ಸಾಕಲಿಕತ್ತೇವ್ರಿ ಆಕಿನ್ನ."

"ಇದು ಖರೇ ಇದ್ದಿದ್ರ ಇಷ್ಟ ದಿನಾ ಚೀಲದಾಗ ಯಾಕ ಇತ್ತು?"

ಏನು ಹೇಳಿದರೂ ಇನ್ನೊಂದು ಸುಳ್ಳಿನಂತೆಯೇ ಕೇಳಿಸುತ್ತದೆ ಎಂದು ಸುಲಭಾಗೆ ಅನಿಸಿತು. ನಾಳೆ ಬಾಲಮಂದಿರದ ಗಾಡಿ ಮನೆಯ ಮುಂದೆ ಬಂದು ನಿಲ್ಲುವುದು ಕಣ್ಣಿಗೆ ಕಟ್ಟಿತು.

"ಇವ್ರು ನಮ್ಮ ಮಾವಶಿ ಅಲ್ರಿ," ಎಂದಳು ಭಾಗ್ಯಶ್ರೀ. ಅವಳ ದನಿ ಸಣ್ಣದಾಗಿತ್ತು, ನಡುಗುತ್ತಿರಲಿಲ್ಲ. "ನಮ್ಮವ್ವ ಸತ್ತಾಳ್ರಿ. ಅಪ್ಪ ಎಲ್ಲಿ ಅದಾನ ಗೊತ್ತಿಲ್ರಿ. ಸಾಲಿ ಹುಡುಗ್ರು ನಗ್ತಾರಂತ ಇವ್ರು ಸುಳ್ಳ ಹೇಳ್ಯಾರ್ರಿ. ನಕ್ರ ನಗಲ್ರಿ. ನನ್ನ ಒಳಗ ಕುಂಡ್ರಸ್ರಿ."

ಮಂದಾಕಿನಿಬಾಯಿ ಕನ್ನಡಕ ಹಾಕಿಕೊಂಡು ಆದೇಶವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು.

"ಹುಚ್ಚಿ ಇದ್ದೀ ನೀ," ಎಂದರು ಸುಲಭಾಗೆ. ಅದುವರೆಗಿನ ಬಹುವಚನ ಬಿದ್ದುಹೋಗಿತ್ತು. "ಇದನ್ನ ಮೊದಲನೇ ದಿನಾ ತೋರಿಸಿದ್ರ ಅವತ್ತ ಕೂಡಸ್ತಿದ್ದೆ. ಟಿ.ಸಿ. ಇಲ್ಲಂತ ಏಳನೇ ಕ್ಲಾಸಿನ ಹುಡುಗಿನ್ನ ಹೊರಗ ನಿಲ್ಲಸೂ ಹಂಗಿಲ್ಲ. ಅದನ್ನ ನಾವ ತರಸ್ಕೋತೇವಿ."

ಆಯಾಳನ್ನು ಕರೆದು, ಹುಡುಗಿಯನ್ನು ತರಗತಿಗೆ ಕಳಿಸಿದರು. ಭಾಗ್ಯಶ್ರೀ ಓಡುವಂತೆ ಹೋದಳು, ತಿರುಗಿ ನೋಡಲಿಲ್ಲ. ಇವರು ಮಾವಶಿ ಅಲ್ಲ ಎಂದದ್ದು ಶಾಲೆಗಾಗಿಯೋ, ಇಷ್ಟು ದಿನ ಅವಳ ಮನಸ್ಸಿನಲ್ಲಿ ಇದ್ದದ್ದೇ ಅದೋ, ಸುಲಭಾಗೆ ತಿಳಿಯಲಿಲ್ಲ.

"ಸಮಿತಿಗೆ ಫೋನ್ ಮಾಡಲಿಕ್ಕೇಬೇಕು ನಾನು," ಎಂದರು ಮಂದಾಕಿನಿಬಾಯಿ. "ಆದೇಶ ಖಾತ್ರಿ ಮಾಡ್ಕೋಬೇಕು. ಯಾಕ ತಡಾ ಆತು ಅಂತ ಕೇಳಿದ್ರ ನಾ ಸುಳ್ಳ ಹೇಳಂಗಿಲ್ಲ."

"ನಾಳೆ ನಮ್ಮ ಕಡಿಂದ ಆಕಿನ್ನ ತಗೊಂಡ ಬಿಡ್ತಾರ್ರಿ."

"ತಗೋಬಹುದು."

ಅವರು ನಂಬರು ಒತ್ತಿದರು. ಆ ಕಡೆ ಫೋನು ಎತ್ತಿದ್ದು ಕೇಳಿದಾಗ ಸುಲಭಾ ಕೈ ಚಾಚಿದಳು. "ನಾನ ಹೇಳ್ತೇನ್ರಿ ಬಾಯಾರ."

ಮಂದಾಕಿನಿಬಾಯಿ ಫೋನು ಕೊಟ್ಟರು.

"ನಾ ಸುಲಭಾ ಮಾತಾಡ್ಲಿಕತ್ತೇನ್ರಿ. ಭಾಗ್ಯಶ್ರೀ ಈಗ ಸಾಲ್ಯಾಗ ಕೂತಾಳ್ರಿ. ಇಷ್ಟ ದಿನಾ ತಡಾ ಆಗಿದ್ದು ನನ್ನಿಂದರಿ. ಆಕಿ ನನ್ನ ತಂಗಿ ಮಗಳು ಅಂತ ಸುಳ್ಳ ಹೇಳಿದ್ದೆರಿ."

ಆ ಕಡೆ ಯಾರೋ ಗಟ್ಟಿಯಾಗಿ ಮಾತಾಡುತ್ತಿದ್ದರು, ಕುರ್ಚಿ ಎಳೆದ ಸದ್ದು. "ಏನಂದ್ರಿ? ಇಲ್ಲೆ ಗದ್ದಲ ಭಾಳ ಅದರಿ. ಇನ್ನೊಮ್ಮೆ ಹೇಳ್ರಿ."

ಸುಲಭಾ ದನಿ ಏರಿಸಿ ಮೊದಲಿನಿಂದ ಹೇಳತೊಡಗಿದಳು.