ಬುಧವಾರದ ಬೀಗ

ನಾನು ಒಂದು ಫೈಲು. ರಟ್ಟು ಕತ್ತರಿಸಿ, ಲಾಡಿ ಪೋಣಿಸಿ ನನ್ನನ್ನು ಮಕ್ಕಳ ರಕ್ಷಣೆಯ ಕಚೇರಿಗೆ ಕಳಿಸಿದರು. ಗುಮಾಸ್ತ ಯಮನೂರಪ್ಪ ನನ್ನ ಮೈಮೇಲೆ ಬರೆದ: "ನೀಲಾ, ಆರು ವರ್ಷ." ಮಗುವನ್ನು ಕಾಯುವ ಕೆಲಸ ಎಂದು ನಾನು ಬೀಗಿದೆ. ದಡ್ಡ ನಾನು.

ನೀಲಾಳ ತಾಯಿ ಸರ್ಕಾರಿ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಪೊಲೀಸರು ಮಗುವನ್ನು ಬಾಲಮಂದಿರಕ್ಕೆ ಸೇರಿಸಿದರು. ಮೂರನೇ ದಿನವೇ ಚಿಗವ್ವ ಫಕೀರವ್ವ ಓಡಿ ಬಂದಳು.

"ನಮ್ಮಕ್ಕನ ಮಗಳ್ರೀ. ನನ್ನ ಕೈಗೆ ಕೊಡ್ರಿ."

ಕೊಡುವ ಮೊದಲು ಅವಳ ಮನೆ ನೋಡಿ ವರದಿ ಬರೆಯಬೇಕು. ಅಲ್ಲಿಯವರೆಗೆ ಮಗುವಿನ ಮುಖವನ್ನೂ ತೋರಿಸುವುದಿಲ್ಲ. ಹದಿನೈದು ದಿನದಲ್ಲಿ ಮುಗಿಸಬೇಕೆಂದು ನನ್ನ ಮೊದಲ ಹಾಳೆಯಲ್ಲೇ ಇದೆ.

ವರದಿ ಬರೆಯಬೇಕಾದವರು ಪತ್ರಿಮಠ ಸಾಹೇಬರು. ಅವರಿಗೆ ಜೀಪು ಸಿಗುವುದು ಬುಧವಾರ ಮಾತ್ರ. ಫಕೀರವ್ವ ದುಡಿಯುವ ಚುರುಮುರಿ ಭಟ್ಟಿಗೆ ರಜೆಯೂ ಬುಧವಾರವೇ. ಅಂದು ಅವಳು ಬೆಳಗ್ಗೆಯೇ ಬಂದು ನಮ್ಮ ಕಚೇರಿಯ ಬೆಂಚಿನ ಮೇಲೆ ಕೂರುತ್ತಿದ್ದಳು. ಮಡಿಲಲ್ಲಿ ನೀಲಾಳಿಗೆಂದು ತಂದ ಚುರುಮುರಿ ಪೊಟ್ಟಣ.

"ಸಾಹೇಬ್ರು ಎಲ್ಲಿ, ಅಣ್ಣಾ?"

"ಮನಿ ನೋಡಾಕ ಹೋಗ್ಯಾರ. ಮುಂದಿನ ಬುಧವಾರ ಬಾ ಬೇ," ಎನ್ನುತ್ತಿದ್ದ ಯಮನೂರಪ್ಪ.

"ಯಾರ ಮನಿಗ್ರೀ?"

"ನಿನ್ನ ಕೇಳಿ ಹೋಗ್ಬೇಕಾಗಿತ್ತೇನು? ಜೀಪಿನ ಬೆನ್ನ ಹತ್ತು, ಗೊತ್ತಾಗ್ತೈತಿ."

ಸಂಜೆ ಸಾಹೇಬರು ಬಂದು ನನ್ನೊಳಗೆ ಒಂದು ಚೀಟಿ ಸೇರಿಸುತ್ತಿದ್ದರು: "ಮನೆಗೆ ಬೀಗ. ಕಾಲಾವಕಾಶ ಕೋರಿದೆ." ಚೀಟಿ ಸೇರಿಸಿದರೆ ಕೆಲಸ ಮಾಡಿದ ಹಾಗೆ! ಮೇಲಿನವರೂ ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದರು. ಆಮೇಲೆ ಲಾಡಿ ಬಿಗಿದು ನನ್ನನ್ನು ಕಪಾಟಿಗೆ ತುರುಕುತ್ತಿದ್ದರು. ಬೀಗ ಹಾಕಿದವಳು ನಿಮ್ಮ ಬಾಗಿಲಲ್ಲೇ ಕೂತಿದ್ದಳಲ್ಲ ಸಾಹೇಬರೇ! ಕೂಗಲು ನನಗೆ ಬಾಯಿ ಎಲ್ಲಿದೆ? ಕತ್ತಲಲ್ಲಿ ಉಸಿರು ಕಟ್ಟಿ ಬಿದ್ದಿರುತ್ತಿದ್ದೆ. ನೀಲಾಳೂ ಹೀಗೇ ಎಲ್ಲೋ ಬಿದ್ದಿದ್ದಾಳೆ ಎನಿಸುತ್ತಿತ್ತು.

ಎರಡೂವರೆ ವರ್ಷ ಹೀಗೇ ಹೋಯಿತು. ಪತ್ರಿಮಠರಿಗೆ ವರ್ಗವಾಗಿ ರಜಿಯಾ ಮೇಡಂ ಬಂದರು. ಅವರು ನನ್ನನ್ನು ಕುಳಿತಲ್ಲೇ ಪೂರ್ತಿ ಓದಿದರು.

"ಯಮನೂರಪ್ಪ, ಎಲ್ಲಾ ಚೀಟಿನೂ ಬುಧವಾರದ್ದ ಅದಾವಲ್ಲ! ಹೊರಗ ಕುಂತಾಕಿ ಯಾರು?"

"ಆಕಿನ ಫಕೀರವ್ವ ರೀ. ಬುಧವಾರಕ್ಕೊಮ್ಮೆ ಬಂದು ಕುಂದರ್ತಾಳ," ಎಂದ ಅವನು. ಮೇಡಂ ಅಂದೇ ಫಕೀರವ್ವನ ಜೊತೆ ನಡೆದು ಹೋಗಿ ಮನೆ ನೋಡಿ ಬಂದರು. ಸಂಜೆಯೊಳಗೆ ವರದಿ ಮುಗಿಯಿತು.

ವಾರದ ನಂತರ ನೀಲಾಳನ್ನು ಕರೆತಂದರು. ಫಕೀರವ್ವ ಪೊಟ್ಟಣ ಬಿಚ್ಚಿ ಕೈ ಚಾಚಿದಳು.

"ನೀಲಾ, ನಾನವ್ವಾ, ನಿನ್ನ ಚಿಗವ್ವ."

ಮಗು ಬಾಲಮಂದಿರದ ಆಯಾಳ ಸೆರಗಿನ ಹಿಂದೆ ಸರಿಯಿತು.

"ಈಕಿ ಯಾರು? ನಾ ಒಲ್ಲೆ. ನಾ ಮಂದಿರಕ್ಕ ಹೋಗ್ತೀನಿ."

ಮಗು ಒಪ್ಪಲಿಲ್ಲ ಎಂದು ಬರೆದು ನನ್ನನ್ನು ಮುಚ್ಚಿದರು. ಪೊಟ್ಟಣ ಬೆಂಚಿನ ಮೇಲೇ ಉಳಿಯಿತು.

ಈಗ ನಾನು ದಾಖಲೆ ಕೋಣೆಯ ತಳದ ಹಲಗೆಯಲ್ಲಿದ್ದೇನೆ. ಮೇಲೆ ನೂರು ಫೈಲುಗಳ ಭಾರ, ಕೆಳಗೆ ಗೆದ್ದಲು. ಗೆದ್ದಲೇ, ನನ್ನ ರಟ್ಟು ತಿನ್ನು, ಬೀಗದ ಚೀಟಿಗಳನ್ನೆಲ್ಲ ತಿನ್ನು. ರಜಿಯಾ ಮೇಡಂ ಬರೆದ ಒಂದು ಹಾಳೆ ಮಾತ್ರ ಬಿಡು. "ಫಕೀರವ್ವ ಪ್ರತಿ ಬುಧವಾರ ನಮ್ಮ ಬೆಂಚಿನ ಮೇಲೆಯೇ ಇದ್ದಳು" ಎಂದು ಅದರಲ್ಲಿದೆ. ನೀಲಾ ದೊಡ್ಡವಳಾಗಿ, "ನನ್ನನ್ನು ಕೇಳಿಕೊಂಡು ಯಾರೂ ಬರಲಿಲ್ಲವೇ?" ಎಂದು ಹುಡುಕುತ್ತಾ ಬಂದರೆ, ಆ ಹಾಳೆ ಅವಳ ಕೈಗೆ ಸಿಗಬೇಕು.