ಬಾವಿಯ ಕೆಳಗಿನ ಮರಗಳು

ಹುಸ್ನಿಯ ಹೆಂಡತಿ ತಂದಿಟ್ಟ ಕಾಫಿ ಹಬೆಯಾಡುತ್ತಿತ್ತು. ಲಿರಿ ಮುಟ್ಟಲಿಲ್ಲ. ವ್ಲೋರಾ ಸೀಮೆಯಲ್ಲಿ ಏನಾದರೂ ಕೇಳಲು ಹೋದವರು, ಮನೆಯ ಹಿರಿಯ ಹೂಂ ಅನ್ನುವ ತನಕ ಬಟ್ಟಲಿಗೆ ಕೈ ಹಾಕುವುದಿಲ್ಲ. ಹೆಣ್ಣು ಕೇಳಲು ಹೋದರೂ ಅಷ್ಟೇ, ನೆತ್ತರಿನ ಹಗೆಗೆ ರಾಜಿ ಕೇಳಲು ಹೋದರೂ ಅಷ್ಟೇ.

ಅವಳೂ ತಮ್ಮ ಸಾಮಿಯೂ ಕೇಳಲು ಬಂದದ್ದು ಒಂದು ಸಾಕ್ಷಿಯ ಮಾತು. ಅಪ್ಪನ ಆಲಿವ್ ತೋಟವನ್ನು ಕಮ್ಯುನಿಸ್ಟ್ ಪಕ್ಷದವರು ಸಾಮೂಹಿಕ ಬೇಸಾಯಕ್ಕೆ ಎಳೆದುಕೊಂಡಾಗ ಹಕ್ಕುಪತ್ರಗಳನ್ನೂ ಸುಟ್ಟಿದ್ದರು. ರಾಜಧಾನಿ ಟಿರಾನಾದಲ್ಲಿ ಪಕ್ಷ ಬಿದ್ದ ಮೇಲೆ ಮರಗಳನ್ನು ಹಿಂದಿರುಗಿಸುತ್ತೇವೆ ಎನ್ನುತ್ತಿದ್ದರು. ಎಲ್ಲಿಂದ ಎಲ್ಲಿಯವರೆಗೆ ಎಂದು ನ್ಯಾಯಾಲಯದಲ್ಲಿ ಹೇಳಬಲ್ಲ, ಮನೆಯವರಲ್ಲದ ಜೀವ ಉಳಿದದ್ದು ಒಂದೇ: ಅಂದು ಬೇಲಿ ಕಿತ್ತ ತಂಡದ ಮುಖಂಡ ಹುಸ್ನಿ.

ದಾರಿಯಲ್ಲೇ ಅವಳು ಕೇಳಿದ್ದಳು, "ಸಾಮಿ, ಮೊದಲೇ ಬಂದು ಇವನ ಹತ್ರ ಮಾತಾಡಿದ್ಯೇನೋ?"

"ಅಯ್ಯೋ ಅಕ್ಕಾ, ಅಮ್ಮನ ಗೋರಿ ಆಣೆಗೂ ಅವನ ಹೊಸ್ತಿಲು ತುಳಿದಿಲ್ಲ."

ಆದರೆ ಅಂಗಳದ ನಾಯಿ ಅವಳನ್ನು ಕಂಡು ಗುರ್ರೆಂದಿತು. ಸಾಮಿಯ ಕೈ ಮೂಸಿ ಬಾಲ ಅಲ್ಲಾಡಿಸಿತು.

"ಚಿಕ್ಕಪ್ಪಾ," ಎಂದಳು ಲಿರಿ, "ನಮ್ಮಪ್ಪನ ಮರ ಯಾವುವು ಅಂತ ನಿಮಗೆ ಗೊತ್ತು. ನೀವು ಬಂದು ಹೇಳ್ಬೇಕು."

"ನಿಮ್ಮಪ್ಪ!" ಹುಸ್ನಿ ನಕ್ಕ. "ಮರ ಬಿಟ್ಟುಕೊಡು ಅಂದ್ರೆ ನನ್ನ ಮೇಲೆ ಕೊಡಲಿ ಎತ್ತಿದ್ದ ಮಹಾರಾಯ. ನಿನಗೂ ಅದೇ ಕಣ್ಣು ಕಣಮ್ಮ."

ಆಮೇಲೆ ಅವನು ಪಕ್ಷ ಬಿದ್ದ ಮೇಲೆ ಕೈಗೆ ಬಂದಿದ್ದ ಜಪಮಾಲೆಯ ಮಣಿಗಳನ್ನು ಒಂದೊಂದಾಗಿ ಉರುಳಿಸುತ್ತ ಕುಳಿತ.

ಹುಸ್ನಿ ಹೂಂ ಅನ್ನುವ ಮೊದಲೇ ಸಾಮಿ ಬಟ್ಟಲೆತ್ತಿ ಒಂದು ಗುಟುಕು ಕುಡಿದ.

ಕುಡಿದ ಮೇಲೆ ಅವನ ಕೈ ಗಾಳಿಯಲ್ಲೇ ನಿಂತಿತು. ಬಾಗಿಲಲ್ಲಿದ್ದ ಹುಸ್ನಿಯ ಹೆಂಡತಿ ಗಂಡನ ಮುಖ ನೋಡಿದಳು. ಮಣಿ ಉರುಳುವುದು ನಿಂತಿತ್ತು.

"ಹೇಳ್ತೀನಿ, ಹೇಳ್ತೀನಿ," ಎಂದ ಹುಸ್ನಿ ಗಡಿಬಿಡಿಯಿಂದ. "ಬಾವಿಯಿಂದ ಮೇಲಿನವೆಲ್ಲ ನಿಮ್ಮವು ಅಂತ ಹೇಳ್ತೀನಿ."

"ಕೆಳಗಿನವು?"

ಕೆಳಗಿನವು ರಸ್ತೆ ಬದಿಯವು, ಈಗ ಬೆಲೆ ಏರಿದ ನೆಲದವು. ಅಪ್ಪ ತಾನೇ ಕಸಿ ಕಟ್ಟಿದವು.

"ಅಷ್ಟು ಹಳೇದು, ಅವರಿಗೂ ನೆನಪಿರಬೇಕಲ್ಲಕ್ಕಾ," ಎಂದ ಸಾಮಿ ಬಟ್ಟಲಿನೊಳಗೆ ನೋಡುತ್ತ. "ಅರ್ಧ ಸಿಕ್ರೂ ಸಿಕ್ಕಿದ್ದೇ ಅಲ್ವಾ?"

"ಅವರಿಗೆ ನೆನಪಿಲ್ಲ. ನಿನಗೆ?"

ಅವನು ಉಳಿದ ಕಾಫಿಯನ್ನೂ ಕುಡಿದು ಮುಗಿಸಿದ.

"ಕುಡಿಯಮ್ಮಾ, ಆರಿಹೋಗುತ್ತೆ," ಎಂದಳು ಹುಸ್ನಿಯ ಹೆಂಡತಿ.

ಲಿರಿ ತಲೆಯ ಬಟ್ಟೆ ಬಿಗಿದುಕೊಂಡು ಎದ್ದಳು. ಮುದುಕಿ ತಟ್ಟೆಯನ್ನು ಎತ್ತಿಕೊಂಡಳು. ಎರಡು ಬಟ್ಟಲು ಖಾಲಿ, ಒಂದು ಅಂಚಿನವರೆಗೂ ತುಂಬಿತ್ತು. ಅದು ತುಳುಕದಂತೆ ಅವಳು ಉಸಿರು ಬಿಗಿಹಿಡಿದು, ಹೆಜ್ಜೆಯ ಮೇಲೆ ಹೆಜ್ಜೆಯಿಡುತ್ತ ಅಡುಗೆಮನೆಯ ಕಡೆ ನಡೆದಳು. ಅದು ಒಳಗೆ ಹೋಗುವ ತನಕ ಮೂವರೂ ಅದನ್ನೇ ನೋಡುತ್ತಿದ್ದರು.