ತಿರುಗಿಸಿ ಹೇಳಿದ ಮಾತು

ನಮ್ಮ ಮನೆಗೆ ಬಟ್ಟೆ ಒಗೆಯುವ ಮೆಷಿನ್ ಮೊದಲು ಬಂತು, ಅದರ ಪಕ್ಕದ ಮೋಟುಗೋಡೆ ಆಮೇಲೆ ಬಂತು. ಬಚ್ಚಲಿನ ನೀರು ಅಡುಗೆಮನೆಗೆ ಹರಿಯುತ್ತದೆ ಎಂದು ನಾನೇ ಹಟ ಹಿಡಿದು ಕಟ್ಟಿಸಿದ ಗೋಡೆ ಅದು. ಅಂದಿನಿಂದ ಮೆಷಿನ್ ಮೂಲೆಯಲ್ಲಿ ಸಿಕ್ಕಿಕೊಂಡಿದೆ. ಹೊರಗೆಳೆಯಬೇಕಾದರೆ ಗೋಡೆ ಒಡೆಯಬೇಕು. ಹಿಂಬದಿಗೆ ಹೋಗಲು ಉಳಿದಿರುವುದು ಗೇಣಗಲದ ಸಂದಿ. ಅದರಲ್ಲಿ ಕೈ ಹೋಗುತ್ತದೆ, ಕಣ್ಣು ಹೋಗುವುದಿಲ್ಲ.

ನನ್ನ ಯಜಮಾನರಿಗೆ ಅದೊಂದು ತೊಂದರೆಯೇ ಆಗಿರಲಿಲ್ಲ. ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿದ್ದವರು. ಎಂಜಿನ್ನಿನ ಹಿಂದೆ ಮೊಣಕೈವರೆಗೆ ಕೈ ತೂರಿಸಿ, ಬೇರೆಲ್ಲೋ ನೋಡುತ್ತಾ ನಟ್ಟು ಬಿಚ್ಚುತ್ತಿದ್ದರಂತೆ. ಜೊತೆಯವರು ಬೆರಳುಗಣ್ಣ ಎಂದು ಹೆಸರಿಟ್ಟಿದ್ದರು. ನಾನು ಕಾಲೇಜಿನ ಲೈಬ್ರರಿಯಲ್ಲಿದ್ದವಳು. ಸ್ಕ್ರೂಡ್ರೈವರ್ ಹಿಡಿದರೆ ಪೆನ್ನು ಹಿಡಿದಂತಿರುತ್ತದೆ ಎಂದು ನಗುತ್ತಿದ್ದರು. ಮನೆಯ ರಿಪೇರಿಗಳಲ್ಲಿ ನನ್ನ ಪಾಲಿಗೆ ಬಂದದ್ದು ಕನ್ನಡಿ ಹಿಡಿಯುವ ಕೆಲಸ.

ಉದ್ದ ಹಿಡಿಯ ಪುಟ್ಟ ಕನ್ನಡಿ. ಇವರು ಕುರ್ಚಿ ಸರಿಮಾಡಿಕೊಟ್ಟಿದ್ದಕ್ಕೆ ಹಲ್ಲಿನ ಡಾಕ್ಟರು ಕೊಟ್ಟಿದ್ದು. ಸಂದಿಯೊಳಗೆ ನಾನು ಕನ್ನಡಿ, ಟಾರ್ಚು ಹಿಡಿಯುತ್ತೇನೆ. ಇವರು ಕೈ ತೂರಿಸುತ್ತಾರೆ. ನಾನು ನೋಡಿ ಹೇಳುತ್ತೇನೆ. ಕನ್ನಡಿಯಲ್ಲಿ ಎಡ ಬಲವಾಗುತ್ತದಲ್ಲ, ಅದಕ್ಕೆ ಇವರು ಮೊದಲ ದಿನವೇ ಒಂದು ಕಟ್ಟಪ್ಪಣೆ ಮಾಡಿದ್ದರು. "ನಿನಗೆ ಹೇಗೆ ಕಾಣುತ್ತೋ ಹಾಗೇ ಹೇಳು. ತಿರುಗಿಸಿಕೊಳ್ಳೋದು ನನ್ನ ಕೆಲಸ. ಇಬ್ಬರೂ ತಿರುಗಿಸಿದ್ರೆ ಕೆಟ್ಟೆವು."

ಮೂವತ್ತು ವರ್ಷ ಹಾಗೆಯೇ ನಡೆಯಿತು. ನಾನು ಎಡ ಎಂದರೆ ಇವರ ಬೆರಳು ತಾನಾಗಿ ಬಲಕ್ಕೆ ಹೋಗುತ್ತಿತ್ತು.

ಎಂಟು ತಿಂಗಳ ಹಿಂದೆ ಗೀಸರಿನ ಹಿಂದಿನ ಪೈಪು ಸರಿಮಾಡುವಾಗ ನಾನು ಎಡ ಎಂದೆ, ಇವರು ಎಡಕ್ಕೇ ಹೋದರು. ಮೂರು ಸಲ ಹೇಳಿದೆ, ಮೂರು ಸಲವೂ ಹಾಗೇ. ಕೊನೆಗೆ ಬಚ್ಚಲಿನ ನೆಲದ ಮೇಲೆ ಕೂತು ತಮ್ಮ ಕೈಯನ್ನೇ ನೋಡಿಕೊಂಡರು. ಮುಂದಿನ ವಾರ ಡಾಕ್ಟರು ನೆನಪಿನ ಕಾಯಿಲೆಯ ಹೆಸರು ಹೇಳಿ, "ನಿಧಾನಕ್ಕೆ ಹೆಚ್ಚುತ್ತೆ ಅಮ್ಮ, ಅವರು ಇಷ್ಟಪಡೋ ಕೆಲಸ ಮಾಡ್ತಾ ಇರಲಿ" ಎಂದರು.

ಅವತ್ತಿನಿಂದ ನಾನೇ ತಿರುಗಿಸಿ ಹೇಳತೊಡಗಿದೆ. ಎಡ ಕಂಡರೆ ಬಲ ಎನ್ನುತ್ತಿದ್ದೆ. ಗೀಸರು ಸರಿಹೋಯಿತು. ಸಿಂಕಿನ ಕೆಳಗಿನ ಕೊಳವೆ, ಫ್ರಿಜ್ಜಿನ ಹಿಂದಿನ ತಂತಿ, ಸ್ಕೂಟರಿನ ಹೊಟ್ಟೆಯೊಳಗಿನ ಸ್ಕ್ರೂ, ಎಲ್ಲವೂ ಸರಿಹೋದವು. ಪ್ರತಿ ಸಲವೂ ಇವರು ಕೈ ಒರೆಸಿಕೊಳ್ಳುತ್ತಾ, "ತಲೆ ಹೋದ್ರೂ ಕೈ ಹೋಗಿಲ್ಲ ನೋಡು" ಎನ್ನುತ್ತಿದ್ದರು. ತಾನಿನ್ನೂ ತಾನೇ ಎಂದು ನಂಬಲು ಇವರಿಗೆ ಉಳಿದಿದ್ದದ್ದು ಅದೊಂದೇ. ಅದನ್ನು ಉಳಿಸುತ್ತಿದ್ದೇನೆ ಎಂದುಕೊಂಡಿದ್ದೆ.

ಮೊನ್ನೆ ಬೆಳಿಗ್ಗೆ ಮೆಷಿನ್ನಿನ ಹಿಂದೆ ನೀರು ತೊಟ್ಟಿಕ್ಕುತ್ತಿತ್ತು. ನೀರಿನ ಪೈಪಿನ ಪ್ಲಾಸ್ಟಿಕ್ ನಟ್ಟು ಸಡಿಲವಾಗಿತ್ತು. ಅದು ನೆಟ್ಟಗೆ ಕೂತರೆ ಮಾತ್ರ ಬಿಗಿಯಬೇಕು, ಇಲ್ಲದಿದ್ದರೆ ಕತ್ತು ಮುರಿಯುತ್ತದೆ.

"ಮಹಾರಾಣಿಯವರು ಕನ್ನಡಿ ಹಿಡೀಬಹುದು" ಎಂದರು. ಅವತ್ತು ತುಂಬ ಲವಲವಿಕೆಯಿಂದಿದ್ದರು. ಏಳುತ್ತಲೇ ಡಿಪೋದ ಹಳೆಯ ಮೇಸ್ತ್ರಿಯ ಗೊರಕೆ ಅನುಕರಿಸಿ ನನ್ನನ್ನು ನಗಿಸಿದ್ದರು. ನಾನು ಅದನ್ನು ಗಮನಿಸಬೇಕಿತ್ತು.

ಕನ್ನಡಿಯಲ್ಲಿ ನಟ್ಟು ಎಡಕ್ಕೆ ವಾಲಿತ್ತು. "ಬಲಕ್ಕೆ ವಾಲಿದೆ ರೀ" ಎಂದೆ.

ಇವರ ಬೆರಳು ಒಂದು ಕ್ಷಣ ನಿಂತಿತು. ಆಮೇಲೆ ಅದನ್ನು ನೆಟ್ಟಗೆ ಮಾಡುವ ಬದಲು, ಕನ್ನಡಿಯಲ್ಲಿ ಕಂಡಂತೆ, ಇನ್ನಷ್ಟು ಎಡಕ್ಕೇ ತಳ್ಳಿತು. ಅವತ್ತು ಇವರಿಗೆ ನೆನಪಿತ್ತು. ನಾನು ಆಗಲೇ ತಿರುಗಿಸಿದ್ದ ಮಾತನ್ನು ಕಟ್ಟಪ್ಪಣೆಯಂತೆ ತಾವೂ ತಿರುಗಿಸಿಕೊಂಡಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬಿಗಿದುಬಿಟ್ಟರು. ಟಕ್ ಎಂದಿತು. ನೀರು ಗೋಡೆಗೆ ಚಿಮ್ಮಿ ನಮ್ಮಿಬ್ಬರ ಮುಖಕ್ಕೂ ಎರಚಿತು.

ಓಡಿಹೋಗಿ ನಲ್ಲಿ ನಿಲ್ಲಿಸಿ ಬಂದೆ. ಇವರು ಒದ್ದೆಯಾಗಿಯೇ ಕೂತಿದ್ದರು.

"ಎಡಕ್ಕೆ ವಾಲಿತ್ತು ಅಲ್ವಾ ಕನ್ನಡೀಲಿ?"

ನಾನು ಟವೆಲ್ ತರಲು ತಿರುಗಿದೆ.

"ನಿಂತ್ಕೋ. ನೀನು ತಿರುಗಿಸಿ ಹೇಳಿದೆ."

"ಹೂಂ."

"ಎಷ್ಟು ದಿನದಿಂದ?"

ಸುಳ್ಳು ನಾಲಗೆಯ ತುದಿಯಲ್ಲಿತ್ತು. ಮುಖ ನೋಡಿದ ಮೇಲೆ ಹೊರಬರಲಿಲ್ಲ. "ಗೀಸರು ಕೆಟ್ಟಾಗಿನಿಂದ."

ಇವರು ಮನೆಯೊಳಗಿನ ಒಂದೊಂದನ್ನೂ ಮನಸ್ಸಿನಲ್ಲೇ ಮುಟ್ಟಿ ಬಂದರು. "ಸಿಂಕು?"

"ಹೂಂ."

"ಫ್ರಿಜ್ಜು?"

"ಅದೂನೂ."

"ಸ್ಕೂಟರು?" ಧ್ವನಿಯಲ್ಲಿ ಸ್ವಲ್ಪ ಆಸೆಯಿತ್ತು.

"ರೀ, ಕೈ ನಿಮ್ದೇ ತಾನೇ. ನಾನೇನು ಮಾಡಿದೆ, ಒಂದು ಮಾತು..."

"ಒಳಗೆ ನನಗೆ ಏನೂ ಕಾಣಲ್ಲ" ಎಂದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. "ನೀನು ಹೇಳಿದ್ದೇ ನನಗೆ ಅಲ್ಲಿರೋದು. ಅದನ್ನೂ ನನ್ನ ಸಮಾಧಾನಕ್ಕೆ ಬದಲಾಯಿಸಿಟ್ರೆ ನಾನು ಏನನ್ನ ಹಿಡ್ಕೊಳ್ಳಲಿ?"

ಮೆಷಿನ್ ರಿಪೇರಿಯವರಿಗೆ ಫೋನ್ ಮಾಡಲು ಇವರೇ ಹೇಳಿದರು. ನಲವತ್ತೆರಡು ವರ್ಷದ ಸಂಸಾರದಲ್ಲಿ ಅದು ಮೊದಲನೆಯ ಸಲ. ಬಂದವನು ಮೆತ್ತಗಿನ ಮನುಷ್ಯ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಒದ್ದೆ ನೆಲವನ್ನೂ ಇವರ ಮುಖವನ್ನೂ ನೋಡಿ ಎಲ್ಲ ಅರ್ಥಮಾಡಿಕೊಂಡ. ಮುರಿದ ತುಂಡನ್ನು ಹೊರತೆಗೆದು, "ಮೊದಲೇ ಬಿರುಕು ಬಿಟ್ಟಿತ್ತು ಸಾರ್. ಯಾರು ಮುಟ್ಟಿದ್ರೂ ಮುರೀತಿತ್ತು" ಎಂದ.

ಇವರು ಕೈಚಾಚಿ ತುಂಡನ್ನು ಇಸಿದುಕೊಂಡರು. "ಹಳೇ ಬಿರುಕಾದ್ರೆ ಕೊಳೆ ಕೂತಿರುತ್ತೆ. ಇದು ಬೆಳ್ಳಗಿದೆಯಲ್ಲಪ್ಪ. ನೀನೂ ತಿರುಗಿಸಿ ಹೇಳ್ತೀಯಾ?"

ಅವನಿಗೆ ಆ ಮಾತು ತಿಳಿಯಲಿಲ್ಲ, ಆದರೆ ಕಣ್ಣು ತಗ್ಗಿಸಿದ. "ಇವತ್ತಿನ ಬಿರುಕೇ ಸಾರ್" ಎಂದು ಒಪ್ಪಿಕೊಂಡ. ಇವರು ಅವನ ಭುಜ ತಟ್ಟಿದರು.

ಹೊಸ ಭಾಗ ಬರಲು ಎರಡು ದಿನ ಬೇಕಿತ್ತು. ಮೆಷಿನ್ನಿನಲ್ಲಿ ನೆನೆದಿದ್ದ ಬಟ್ಟೆಗಳನ್ನು ಹಿತ್ತಲಿಗೆ ತಂದು, ಹೊದಿಕೆಯ ಒಂದು ತುದಿ ಇವರು, ಇನ್ನೊಂದು ತುದಿ ನಾನು ಹಿಡಿದು ಹಿಂಡತೊಡಗಿದೆವು.

"ಮಗಳು ಫೋನ್ ಮಾಡಿದ್ಲಾ?" ಎಂದು ಕೇಳಿದರು.

"ಮಾಡಿದ್ಲು. ಮೊಮ್ಮಗಳಿಗೆ ಜ್ವರ ಬಿಟ್ಟಿದೆಯಂತೆ."

ಸ್ವಲ್ಪ ಹೊತ್ತು ಹಿಂಡಿದರು. ಮತ್ತೆ ನಿಲ್ಲಿಸಿ, "ಇದನ್ನ ನಾನು ಇವತ್ತು ಎಷ್ಟು ಸಲ ಕೇಳಿದೆ? ಇದ್ದದ್ದು ಇದ್ದ ಹಾಗೆ ಹೇಳು" ಎಂದರು.

"ನಾಲ್ಕು."

"ನಾಲ್ಕು ಸಲಾನೂ ಹೊಸದಾಗಿ ಹೇಳಿದ್ಯಾ?"

"ಹೂಂ."

ಹೊದಿಕೆಯಿಂದ ನೀರು ಇಬ್ಬರ ಪಾದದ ಮೇಲೂ ಬೀಳುತ್ತಿತ್ತು. "ಇನ್ಮೇಲೆ ಎಷ್ಟನೇದೋ ಅದನ್ನ ಹೇಳ್ಬಿಡು. ನಾನೆಲ್ಲಿದ್ದೀನಿ ಅಂತ ನನಗೆ ಗೊತ್ತಾಗ್ಬೇಕು. ಮಾತು ಕೊಡು."

ಕೊಟ್ಟೆ.

ಮೂರು ಹೊದಿಕೆ ಹಿಂಡಿ ಹರವಿದ್ದೆವು. ನಾಲ್ಕನೆಯದರ ತುದಿ ಕೈಗೆತ್ತಿಕೊಳ್ಳುತ್ತಾ, "ಮಗಳು ಫೋನ್ ಮಾಡಿದ್ಲಾ?" ಎಂದರು.

ಎಷ್ಟು ಸುಲಭವಿತ್ತು ಮತ್ತೊಂದು ಸಲ ಹೊಸದಾಗಿ ಹೇಳುವುದು. "ಮಾಡಿದ್ಲು. ಜ್ವರ ಬಿಟ್ಟಿದೆಯಂತೆ" ಎಂದೆ. ಆಮೇಲೆ ಹೇಳಿದೆ, "ನೀವು ಕೇಳ್ತಿರೋದು ಇದು ಐದನೇ ಸಲ."

ನಾನು ಕೈಮೇಲೆ ಹೊಡೆದಂತೆ ನೋಡಿದರು. "ಇದನ್ನೂ ಎಣಿಸ್ತಿದ್ದೀಯಾ?"

"ಎಣಿಸು ಅಂತ ನೀವೇ ಹೇಳಿದ್ರಿ."

"ನಾನಾ?"

"ನೀವೇ. ಈಗ ಸ್ವಲ್ಪ ಹೊತ್ತಿಗೆ ಮುಂಚೆ, ಇಲ್ಲೇ ನಿಂತು."

ಬಹಳ ಹೊತ್ತು ನನ್ನ ಮುಖದಲ್ಲಿ ಏನನ್ನೋ ಹುಡುಕಿದರು. ಸಿಕ್ಕಿತೋ ಇಲ್ಲವೋ ನನಗೆ ತಿಳಿಯಲಿಲ್ಲ.

"ನೀನು ಹೇಳ್ತಿದ್ದೀಯ ಅಂದ್ಮೇಲೆ ಹೇಳಿರ್ತೀನಿ ಬಿಡು" ಎಂದು ತಮ್ಮ ತುದಿಯನ್ನು ಬಿಗಿಯಾಗಿ ಎಳೆದು ಹಿಡಿದರು.